ನಲವತ್ಮೂರು ದೀಪ

ರಾಜೇಸಾಬ ನದಾಫ ಸುರುಳಿ ಸುತ್ತೂವಾಗ
ಮಾತಾಡ್ತಿರಲಿಲ್ಲ. ತುಟಿ ಮಾತ್ರ ಅಲಗತಿತ್ತು.
ಎಂಟನೂರಾ ಹನ್ನೊಂದು, ಎಂಟನೂರಾ ಹನ್ನೆರಡು,
ಯಾರರ ಬಂದು ಸಲಾಮ್ ಅಂದ್ರ
ಎಡಗೈ ಎತ್ತಿ ತಡೀ ಅಂತಿದ್ದ.
ಒಂದು ಪದರು ತಂತಿ, ಮ್ಯಾಲೊಂದು ಪದರು ಕಾಗದ,
ಮತ್ತ ತಂತಿ. ವಾರ್ನಿಷ್ ವಾಸನಿ
ಮುಳಗುಂದ ನಾಕಾದ ತನಕ.

"ಎರಡು ಸುರುಳಿ, ತಮ್ಮಾ.
ಒಂದಕ್ಕೊಂದು ಮುಟ್ಟಂಗಿಲ್ಲ.
ಗ್ವಾಡಿ ಆಚಿ ಕುಂತಾಕಿ ಅತ್ರ
ಈಚಿ ಕುಂತಾಕಿಗೆ ತಿಳೀತೈತಿ, ಅಷ್ಟ.
ಕಣ್ಣೀರು ದಾಟೂದಿಲ್ಲ."

ನನಗ ಆ ಗ್ವಾಡಿ ದುಬಾರಿ ಅನಿಸ್ತು.
ತಾಮ್ರದ ರೇಟು, ಕಬ್ಬಿಣದ ಪತ್ತಿ, ಹಾಳಾಗೂ ಹೊತ್ತು.
ಅಂವ ತೀರಿಕೊಂಡ ಮರುವರ್ಷ
ಬೆಟಗೇರಿ ಅಂಗಡ್ಯಾಗ ಅವನ ಮೇಜು ಒರಸಿ
ಗ್ವಾಡಿ ಇಲ್ಲದ ದೀಪ ಮಾಡಾಕ ಕುಂತ್ನಿ.

ಹಳದಿ ಕೆಪಾಸಿಟರ್ ಒಂದು, ನಾನೂರು ವೋಲ್ಟಿಂದು.
ಡಯೋಡ್ ನಾಕು, ಕಾಳಮೆಣಸಿಗೆ
ಬೆಳ್ಳಿ ಪಟ್ಟಿ ಕಟ್ಟಿದಂಗ.
ಬಿಳೀ ಎಲ್‌ಇಡಿ ಎಂಟು, ಬೆಸಿಗಿ ಹಾಕಿ
ಪ್ಲಾಸ್ಟಿಕ್ಕಿನ ಕಮಲದಾಗ ಮುಚ್ಚಿದ್ರ ಆತು.
ದೇವರ ಮುಂದೂ ನಡೀತೈತಿ, ಬಚ್ಚಲದಾಗೂ.
ಖರ್ಚು ಹದಿನಾಕು, ಮಾರಿದ್ದು ಮೂವತ್ತೈದಕ್ಕ.
ಕೆಪಾಸಿಟರ್ ಬೆನ್ನಿಗೊಂದು ರೆಸಿಸ್ಟರ್ ಬೇಕು,
ಒಂದು ಮೆಗಾ ಓಮ್, ಹದಿನೈದು ಪೈಸಾ.
ಪಿನ್ ಕಿತ್ತ ಮ್ಯಾಲೆ ಒಳಗ ಉಳಿದದ್ದನ್ನ
ಮೆಲ್ಲಕ ಕುಡದು ಹಾಕೂದು ಅದರ ಕೆಲಸ.
ಬಿಟ್ನಿ.
ಹದಿನೈದು ಪೈಸಾಕ್ಕ ಅಲ್ಲ. ಬೆಸಿಗಿ ಎರಡು ಉಳೀತಾವು ಅಂತ.

ಹತ್ತಿದ್ರ ಚಂದ ಇತ್ತು. ಅದನ್ನ ಸುಳ್ಳು ಹೇಳೂದಿಲ್ಲ.

ಮಗ್ಗದ ಓಣಿಯ ನೀಲಗಂಗವ್ವ
ಸೋಮವಾರ ಮುಂಜಾನೆ ಕಮಲ ಒರಸಿದ್ಳು,
ಹಸೀ ಅರಿವೀಲೆ. ಎಸಳೊಂದು ಮದಲ ಸೀಳಿತ್ತಂತ.
ಮಧ್ಯಾಹ್ನ ಬಂದ್ಳು. ಬಲಗೈ ಸೆರಗಿನ್ಯಾಗ,
ಎಡಗೈಯಾಗ ಹಾಲಿನ ಪಾಕೀಟು, ಅದರಾಗ ದೀಪ.
ರೊಕ್ಕ ಕೇಳಲಿಲ್ಲ. ಬೈಯಲಿಲ್ಲ.
"ಇದರಾಗ ಏನೋ ಕಡಿಯೂದು ಐತಪಾ," ಅಂದ್ಳು,
"ತಗದು ಕೊಡು. ಹುಡುಗೂರು ಇರೂ ಮನಿ."

ನಾ ಫೇಸು ನ್ಯೂಟ್ರಲ್ಲು ಅಂತ ಶುರು ಮಾಡಿದ್ನಿ.
ಎರಡ ಪಿನ್ನಿನ ಪ್ಲಗ್ಗವ್ವಾ, ಹೆಂಗ ಚುಚ್ಚಿದರೂ ಕುಂದರತೈತಿ,
ನಡುವ ಏನೂ ಇಲ್ಲಲ್ಲ, ಅದಕ್ಕ...
"ನಮ್ಮಲ್ಲೂ ಹಾಸು ಹೊಕ್ಕಿನ ನಡುವ ಏನೂ ಇರೂದಿಲ್ಲ," ಅಂದ್ಳು.
"ನೂಲಿಗೆ ನೂಲು ಹತ್ತಿ ಕುಂದ್ರಬೇಕು.
ಆದ್ರ ನೂಲು ಕಡಿಯಂಗಿಲ್ಲ."

ಅಕಿ ಹ್ವಾದ ಮ್ಯಾಲೆ ಟೆಸ್ಟರ್ ಹಚ್ಚಿದ್ನಿ.
ಎಲ್‌ಇಡಿ ಕಾಲಿಗೆ ಮುಟ್ಟಿಸಿದ್ರ
ಕಿತ್ತಳಿ ಕಣ್ಣು ತೆರೀತು.
ಪ್ಲಗ್ ಕಿತ್ನಿ. ಬೇಕಂತನ ಪಿನ್ನಿಗೆ
ನನ್ನ ಎರಡು ಬೆರಳು ಇಟ್ನಿ.
ಮಣಕೈ ತನಕ ಬಂತು.
ಗ್ವಾಡಿಯಿಂದ ಕಿತ್ತದ್ದು, ಯಾತಕ್ಕೂ ಕೂಡಿರದ್ದು,
ಇನ್ನೂ ಹಿಡಕೊಂಡ ಕುಂತಿತ್ತು ಆ ಸಿಟ್ಟು.

ಇಂಥದನ್ನ ನೀವು ಮಾಡಿ ನೋಡಬ್ಯಾಡ್ರಿ.

ಅವತ್ತಿನಿಂದ ಸೈಕಲ್.
ಲಕ್ಕುಂಡಿ ಹಾದಿ ಚಾದಂಗಡಿಯಾಗ ಒಂದು.
ನರ್ಸಬಾಯಿ ಫಕೀರವ್ವನ ಮನ್ಯಾಗ ಮೂರು.
ಹುಲಕೋಟಿಗೆ ಮದಿವಿ ಉಡುಗೊರಿ ಅಂತ ಹ್ವಾದ ಜೋಡಿ.
"ಚೊಲೋ ಹತ್ತತಾವಲ್ಲೋ," ಅಂತ ಒಲ್ಲೆ ಅಂದವರಿಗೆ
ಮೂವತ್ತೈದರ ಬದಲಿ ಐವತ್ತು ಕೊಟ್ನಿ.
ಒಂದು ಮನ್ಯಾಗ ತೊಟ್ಟಿಲ ಕಾಲಿಗೆ ಕಟ್ಟಿದ್ರು.
ಅಲ್ಲಿ ನಾ ನೀರು ಕೇಳಿ ಕುಡದ್ನಿ.

ನಲವತ್ಮೂರು ಮಾರಿದ್ನಿ. ನಲವತ್ತೊಂದು ಸಿಕ್ಕಾವು.

ಈಗ ಸುತ್ತಾಕ ಹತ್ತೀನಿ, ತಂತಿ, ಕಾಗದ, ತಂತಿ,
ಮುನ್ನೂರಾ ಐದು, ಮುನ್ನೂರಾ ಆರು.
ರಾತ್ರಿ ಕರೆಂಟ್ ಹೋತಂದ್ರ ಓಣಿಯೆಲ್ಲಾ ಬೈತೈತಿ,
ನಾ ಒಬ್ಬಾಂವ ಉಸಿರು ಬಿಡತೀನಿ.
ಬಂತು ಅಂದ ಕೂಡ್ಲೆ
ಎಲ್ಲೋ ಎರಡು ಕಮಲ ಅರಳತಾವು.
ಎಣಿಕಿ ತಪ್ಪತೈತಿ.
ಬಿಚ್ಚಿ, ಮತ್ತ ಒಂದರಿಂದ.